ಮೂರು ಧರ್ಮ, ಒಂದೇ ಕುಲ: ಉತ್ತರ ಕನ್ನಡದ ಸಿದ್ದಿಗಳು

ಪುಣೆಯ ಕನ್ನಡಿಗರಾದ ನಾವು ಜಂಜಿರಾ ಕೋಟೆಯನ್ನಾಳಿದ ಸಿದ್ದಿಗಳನ್ನು ಬಲ್ಲೆವು. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲೂಕುಗಳ ಸಿದ್ದಿಗಳ ಪರಿಚಯ ಮಾತ್ರ ನಮಗೆ ಕಡಿಮೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವರ ಪೂರ್ವಜರಲ್ಲಿ ಅವರೂ ಇದ್ದಾರೆ.

ಇಂದು ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಆದರೂ ಹಿರಿಯರ ಪೂಜೆ, ಡಮಾಮಿ ಕುಣಿತಗಳು ಅವರನ್ನು ಒಂದೇ ಕುಲವಾಗಿ ಬೆಸೆದಿವೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು, ಧರ್ಮಭೇದವಿಲ್ಲದೆ, ಪರಿಶಿಷ್ಟ ಪಂಗಡಕ್ಕೆ ಸೇರಿದರು. ಜಿಲ್ಲೆಯ ಗಡಿಯಾಚೆ ಧಾರವಾಡ, ಬೆಳಗಾವಿಗಳಲ್ಲಿರುವ ಅವರ ಬಂಧುಗಳಿಗೆ ಅದೇ ಮಾನ್ಯತೆ ದೊರೆತದ್ದು 2020ರಲ್ಲಿ. ಧರ್ಮ ಒಡೆಯದ ಕುಲವನ್ನು ಸರಕಾರದ ಗಡಿರೇಖೆ ಹದಿನೇಳು ವರ್ಷ ಒಡೆದಿತ್ತು.

ಗಡಿ ದಾಟಿ ಬಂದು ಇಲ್ಲಿ ನೆಲೆಸಿದ ನಾವು, ಹಿರಿಯರ ನೆನಪನ್ನು ಮಕ್ಕಳಿಗೆ ಒಪ್ಪಿಸುವುದನ್ನು ಅವರಿಂದ ಕಲಿಯಬೇಕಾಗಿದೆ.