ಕೊಡಬಾರದ ರಿಪೋರ್ಟು

ಮಳೆ ಹಿಡಿದು ಡೆಂಗಿ ಕಾಲಿಟ್ಟಿತೆಂದರೆ ಆಸ್ಪತ್ರೆಯ ಜಗಲಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿಯಿತು? ಅದನ್ನು ‘ಬಿಳಿ ರಕ್ತಕಣ’ ಎನ್ನುವ ರೂಢಿಯೂ ಇದೆ, ಅದು ತಪ್ಪು. ಬಿಳಿ ರಕ್ತಕಣ ಬೇರೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಬೇರೆ. ಅಂಕಿಗಾಗಿ ಕಾದು ಕೂತ ನಮಗೆ ಲ್ಯಾಬ್ ಟೆಕ್ನಿಷಿಯನ್ ಎಂದರೆ ರಕ್ತ ತೆಗೆದುಕೊಂಡು ಒಳಗೆ ಹೋಗಿ, ಕಾಗದ ಹಿಡಿದು ಹೊರಗೆ ಬರುವವರು. ನಡುವೆ ಯಂತ್ರ ಇದೆ, ಇವರದು ಗುಂಡಿ ಒತ್ತುವ ಕೆಲಸ ಎಂಬ ಅಂದಾಜು. ಈ ಅಂದಾಜು ತಲೆಕೆಳಗಾದದ್ದು. ಅಂಕಿಯನ್ನು ಯಂತ್ರವೇ ಕೊಡುತ್ತದೆ. ಯಾವ ಅಂಕಿಯನ್ನು ಹೊರಗೆ ಬಿಡಬಾರದು ಎಂದು ತಿಳಿಯುವುದೇ ಇವರ ವಿದ್ಯೆ.

ಪ್ಲೇಟ್‌ಲೆಟ್ಟನ್ನೇ ನೋಡಿ. ರಕ್ತಕಣ ಎಣಿಸಲು ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತುಂಬುತ್ತಾರೆ. ಹೆಪ್ಪುಗಟ್ಟದಿರಲೆಂದು ಅದರಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವೇ ಕೆಲವರ ರಕ್ತದಲ್ಲಿ ಈ ಇಡಿಟಿಎ ತಾಗಿದ ಮೇಲೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಗಾತ್ರ ನೋಡಿ ಎಣಿಸುವ ಯಂತ್ರಕ್ಕೆ ಆ ಗುಂಪು ದೊಡ್ಡದೊಂದು ಕಣವಾಗಿ ಕಂಡು ಲೆಕ್ಕದಿಂದ ಜಾರಿಹೋಗುತ್ತದೆ. ಮೈಕ್ರೋಲೀಟರಿಗೆ 2 ಲಕ್ಷ ಇರುವವರ ರಿಪೋರ್ಟಿನಲ್ಲಿ 40 ಸಾವಿರ ಎಂದು ಬರಬಹುದು. ಡೆಂಗಿಯಿಂದ ನಿಜವಾಗಿಯೇ ಇಳಿದಿದ್ದರೂ ಅದೇ 40 ಸಾವಿರ. ಇವೆರಡರ ಅಂತರ ತಿಳಿಯಬೇಕಾದರೆ ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ‘ಸ್ಮಿಯರ್’ ಎನ್ನುವ ಈ ತೆಳು ಲೇಪದ ಅಂಚಿನಲ್ಲಿ ಗುಂಪುಗಳು ಕಂಡರೆ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ಮತ್ತೆ ರಕ್ತ ತೆಗೆದು ಎಣಿಸಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಸೇರುವುದರಿಂದ, ಬಂದ ಲೆಕ್ಕವನ್ನು 1.1ರಿಂದ ಗುಣಿಸಲು ಮರೆಯುವಂತಿಲ್ಲ.

ತಪ್ಪು ಹೆಚ್ಚಾಗಿ ಹುಟ್ಟುವುದು ಯಂತ್ರದೊಳಗಲ್ಲ, ರಕ್ತ ಅದರ ಬಾಯಿಗೆ ಹೋಗುವ ಮುನ್ನ. ಇಟಲಿಯ ಪಾಡುವಾ ನಗರದ ಆಸ್ಪತ್ರೆಯೊಂದರ ಪ್ರಯೋಗಾಲಯದ ತಪ್ಪುಗಳನ್ನು ಪ್ಲೆಬಾನಿ ಮತ್ತು ಕರಾರೊ ಲೆಕ್ಕಹಾಕಿ 1997ರಲ್ಲಿ ಪ್ರಕಟಿಸಿದರು: ಶೇ. 68ರಷ್ಟು ತಪ್ಪು ಪರೀಕ್ಷೆಗೆ ಮುಂಚಿನ ಹಂತದ್ದು, ಪರೀಕ್ಷೆಯ ಹಂತದ್ದು ಶೇ. 13 ಮಾತ್ರ. ಹತ್ತು ವರ್ಷದ ನಂತರ ಮತ್ತೆ ನೋಡಿದಾಗಲೂ ಮುಂಚಿನ ಹಂತದ ಪಾಲು ಶೇ. 62ರ ಹತ್ತಿರವೇ ಇತ್ತು. ಪೊಟ್ಯಾಸಿಯಂ ಇದಕ್ಕೆ ಒಳ್ಳೆಯ ಸಾಕ್ಷಿ. ರಕ್ತರಸದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ, ಜೀವಕೋಶಗಳ ಒಳಗೆ 140ರ ಆಸುಪಾಸು. ಸಿರಿಂಜನ್ನು ಜೋರಾಗಿ ಎಳೆದು ಕೆಂಪುಕಣಗಳು ಒಡೆದರೆ ಒಳಗಿನದು ಹೊರಗೆ ಸುರಿದು, ಹೃದಯಕ್ಕೇ ಅಪಾಯವೆನ್ನುವಂಥ ಅಂಕಿ ಬರುತ್ತದೆ. ಸಕ್ಕರೆಯದು ಇದಕ್ಕೆ ತದ್ವಿರುದ್ಧ. ಸಾದಾ ಟ್ಯೂಬಿನಲ್ಲಿ ಕಾದು ಕೂತ ರಕ್ತದ ಕಣಗಳು ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸನ್ನು ತಿಂದುಹಾಕುತ್ತವೆ.

ಈಗಿನ ಯಂತ್ರಗಳು ಬುದ್ಧಿವಂತವಲ್ಲವೇ ಎಂದು ಕೇಳಬಹುದು. ಹೌದು, ಕಣ ಒಡೆದು ಕೆಂಪಾದ ಸೀರಮನ್ನು ಅವು ತಾವೇ ಗುರುತಿಸಿ ಎಚ್ಚರಿಸುತ್ತವೆ. ಆದರೆ ನೇರಳೆ ಟ್ಯೂಬಿನ ಇಡಿಟಿಎ ಬೇರೆ ಟ್ಯೂಬಿಗೆ ತುಸು ಸೇರಿದರೆ ಯಾವ ಬಣ್ಣವೂ ಬದಲಾಗದು. ಇಡಿಟಿಎ ಇರುವುದೇ ಪೊಟ್ಯಾಸಿಯಂ ಲವಣವಾಗಿ. ಜೊತೆಗೆ ಅದು ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ವಿಪರೀತ ಏರಿ, ಇನ್ನೊಂದು ಅಷ್ಟೇ ವಿಪರೀತವಾಗಿ ಇಳಿದಿದ್ದರೆ ಅನುಭವಿ ಟೆಕ್ನಾಲಜಿಸ್ಟ್ ಮೊದಲು ಅನುಮಾನಿಸುವುದು ರೋಗಿಯನ್ನಲ್ಲ, ಟ್ಯೂಬನ್ನು. 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ರಕ್ತದ ಗುಂಪಿನದೂ ಇಂಥದೇ ಕಥೆ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಅದು ಓ ಗುಂಪಿನಂತೆಯೇ ತೋರುತ್ತದೆ; ಆ ಗುಂಪಿನವರ ಸೀರಮನ್ನು ಓ ಕಣಗಳ ಜೊತೆ ಬೆರೆಸಿದಾಗ ಬಣ್ಣ ಬಯಲಾಗುತ್ತದೆ. ಮಾಮೂಲಿ ಓ ರಕ್ತ ಏರಿಸಿದರೆ ಜೀವಕ್ಕೇ ಕುತ್ತು. ಎರಡೂ ಕಡೆಯಿಂದ ಪರೀಕ್ಷಿಸಲು ಯಂತ್ರಕ್ಕೂ ಬರುತ್ತದೆ, ಆದರೆ ಎರಡು ಉತ್ತರ ತಾಳೆಯಾಗದಾಗ ಅದು ನಿಂತುಬಿಡುತ್ತದೆ. ಮುಂದಿನ ಕೆಲಸ ಮನುಷ್ಯರದೇ.

ಸಹಿ ಹಾಕುವವರು ವೈದ್ಯರಲ್ಲವೇ, ಹೊಣೆ ಅವರದಲ್ಲವೇ ಎಂಬ ಮಾತೂ ಇದೆ. ಪೆಥಾಲಜಿಯಲ್ಲಿ ಸ್ನಾತಕೋತ್ತರ ಅರ್ಹತೆಯುಳ್ಳ ನೋಂದಾಯಿತ ವೈದ್ಯರೇ ರಿಪೋರ್ಟಿಗೆ ಸಹಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಸರಿಯೇ. ಆದರೆ ವೈದ್ಯರ ಮೇಜಿಗೆ ಸಾಮಾನ್ಯವಾಗಿ ಬರುವುದು ಅಂಕಿ, ಟ್ಯೂಬಲ್ಲ. ಅರ್ಧ ತುಂಬಿದ, ಹೆಪ್ಪುಗಟ್ಟಿದ, ಹೆಸರು ಅಳಿಸಿದ ಟ್ಯೂಬನ್ನು ಕಣ್ಣಾರೆ ಕಂಡವರು ಅಲ್ಲಿಯೇ ತಡೆಯದಿದ್ದರೆ, ಆಮೇಲೆ ಹಾಕುವ ಸಹಿಗೆ ಅದು ಕಾಣುವುದೇ ಇಲ್ಲ. ಹೀಗೆ ತಡೆಯುವ ಧೈರ್ಯಕ್ಕೆ ಓದೂ ಬೇಕು, ಸ್ಥಾನವೂ ಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ ಕೋರ್ಸು ಓದನ್ನು ಕೊಡುತ್ತದೆ. ಸ್ಥಾನಕ್ಕೆ ದೇಶಮಟ್ಟದ ಕಾಯ್ದೆ ಬರಲು 2021ರವರೆಗೆ ಕಾಯಬೇಕಾಯಿತು. ಬಹಳ ತಡವಾಯಿತೆಂದೇ ಹೇಳಬೇಕು.

ಮತ್ತೊಮ್ಮೆ ಚುಚ್ಚಿಸಿಕೊಳ್ಳುವುದು ಕಷ್ಟ, ಅದರಲ್ಲೂ ಹಸುಗೂಸುಗಳಿಗೆ. ಹಾಗಾಗಿ ಮೊದಲ ಸಲವೇ ಸರಿಯಾಗಿ ರಕ್ತ ತೆಗೆಯಿರಿ ಎಂದು ಒತ್ತಾಯಿಸುವ ಹಕ್ಕು ನಮಗಿದೆ. ಆದರೆ “ಇನ್ನೊಂದು ಸ್ಯಾಂಪಲ್ ಬೇಕು” ಎಂದವರ ಮೇಲೆ ರೇಗುವ ಮುನ್ನ ಕಾರಣ ಕೇಳಿ. ಪ್ಲೇಟ್‌ಲೆಟ್ ದಿಢೀರನೆ ಕುಸಿದ ರಿಪೋರ್ಟು ಕೈಗೆ ಬಂದರೆ, ಗಾಬರಿಬಿದ್ದು ರಕ್ತನಿಧಿಗೆ ಓಡುವ ಮುಂಚೆ ವೈದ್ಯರನ್ನೋ ಲ್ಯಾಬಿನವರನ್ನೋ ಒಂದು ಮಾತು ಕೇಳಿ: “ಸ್ಮಿಯರ್ ನೋಡಿದ್ದೀರಾ?”