ಎಳ್ಳು ಬೆಲ್ಲ ಹಂಚೋಣ, ಕಸ ಹಂಚೋದು ಬ್ಯಾಡ



ಚಳಿಗಾಲ ಬಂತೆಂದರೆ ನಮ್ಮ ಕಡೆ ಹಬ್ಬಗಳ ಸಾಲು. ಮೊದಲು ಎಳ್ಳ ಅಮಾಸಿ. ಅಂದು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಜನವರಿಯಲ್ಲಿ ಭೋಗಿ, ಮರುದಿನ ಸಂಕ್ರಾಂತಿ. ಅಲ್ಲಿಂದ ರಥಸಪ್ತಮಿ ತನಕ ಮನೆ ಮನೆಯಲ್ಲಿ ಅರಿಷಿಣ ಕುಂಕುಮ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹೋದರೂ ಇದೇ ಸಡಗರ. ಕನ್ನಡ ಮಾತಾಡುವ ಮನೆಯಲ್ಲೂ ಅಷ್ಟೇ, ಮರಾಠಿ ಮಾತಾಡುವ ಮನೆಯಲ್ಲೂ ಅಷ್ಟೇ.

ಈ ಹಬ್ಬದ ಅಡುಗೆ ನೋಡಿರಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬದನಿಕಾಯಿ, ಅವರಿಕಾಯಿ, ಗಜ್ಜರಿ, ಹಸಿ ಕಡಲಿ ಕೂಡಿಸಿ ಮಾಡಿದ ಭೋಗಿ ಪಲ್ಯ. ಶೇಂಗಾ ಹೋಳಿಗೆ. ಎಲ್ಲಾ ಈ ಕಾಲಕ್ಕೆ ನಮ್ಮ ಹೊಲದಲ್ಲಿ ಬರುವ ಪದಾರ್ಥಗಳೇ. ಪೂಜೆಗೆ ಕುಂಬಾರರ ಮಣ್ಣಿನ ಗಡಗಿ. ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ. ಊಟ ಆದ ಮೇಲೆ ಎಲೆ ತಿಪ್ಪೆಗೆ ಹೋಗುತ್ತಿತ್ತು, ಗೊಬ್ಬರ ಆಗುತ್ತಿತ್ತು. ಕಸ ಅಂತ ಏನೂ ಉಳಿಯುತ್ತಿರಲಿಲ್ಲ.

ಈಗ ಹಬ್ಬದ ಮರುದಿನ ತಿಪ್ಪೆ ನೋಡಿರಿ. ಪ್ಲಾಸ್ಟಿಕ್ ಚೀಲ, ಪ್ಲಾಸ್ಟಿಕ್ ಲೋಟ, ಬೆಳ್ಳಿಯಂತೆ ಹೊಳೆಯುವ ತಟ್ಟೆ. ಆ ತಟ್ಟೆ ಕಾಗದದ್ದು ಅಂತ ನಾವು ತಿಳಿಯುತ್ತೇವೆ. ಮೇಲಿನ ಹೊಳಪು ಪ್ಲಾಸ್ಟಿಕ್ಕಿನದು. ಅದು ಕೊಳೆಯುವುದಿಲ್ಲ.

ಉಳಿದ ಅನ್ನ, ಪಲ್ಯವನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿ ಬೀದಿಗೆ ಎಸೆಯುತ್ತಾರೆ. ಆಕಳು, ಎಮ್ಮಿ ವಾಸನೆಗೆ ಬಂದು ಚೀಲ ಸಮೇತ ನುಂಗುತ್ತವೆ. ದನ ನಮ್ಮಂಗ ಅಗಿದು ನೋಡಿ ಉಗುಳುವುದಿಲ್ಲ. ಮೊದಲು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಅದರ ಹೊಟ್ಟೆಯಲ್ಲಿ ನಾಲ್ಕು ಭಾಗ. ಎಲ್ಲಕ್ಕೂ ದೊಡ್ಡ ಭಾಗದಲ್ಲಿ ಚೀಲ ಸಿಕ್ಕಿಬೀಳುತ್ತದೆ. ಕರಗುವುದಿಲ್ಲ, ಮುಂದಕ್ಕೂ ಸಾಗುವುದಿಲ್ಲ. ಚೀಲಕ್ಕೆ ಚೀಲ ಸುತ್ತಿ ಗಟ್ಟಿ ಉಂಡೆ ಆಗುತ್ತದೆ. ಮೇವಿಗೆ ಜಾಗ ಉಳಿಯುವುದಿಲ್ಲ. ದನ ಮೇವು ಬಿಡುತ್ತದೆ. ಹಾಲು ಇಳಿಯುತ್ತದೆ. ಹೊಟ್ಟೆ ಉಬ್ಬುತ್ತದೆ. ಗುಳಿಗೆ ಕೊಟ್ಟರೆ ಆ ಉಂಡೆ ಹೋಗುವುದಿಲ್ಲ. ದನದ ಡಾಕ್ಟರು ಹೊಟ್ಟೆ ಕೊಯ್ದೇ ತೆಗೆಯಬೇಕು. ತಡ ಆದರೆ ದನ ಸಾಯುತ್ತದೆ. ಡೇರಿಗೆ ಹಾಲು ಹಾಕಿ ಮಕ್ಕಳ ಸಾಲಿ ಖರ್ಚು ನೀಗಿಸುವ ತಾಯಿಗೆ ಇದು ಸಣ್ಣ ಹಾನಿಯೇ? ಉಳಿದ ಅನ್ನವನ್ನು ದನಕ್ಕೇ ಹಾಕಬೇಕೆಂದರೆ ಸ್ವಲ್ಪವೇ ಬುಟ್ಟಿಗೆ ಹಾಕಿ ಇಡಿರಿ. ಅನ್ನ ಬಹಳ ತಿಂದರೂ ದನಕ್ಕೆ ಹೊಟ್ಟೆ ಉಬ್ಬರ ಬರುತ್ತದೆ.

"ಚೀಲ ಹೊರಗ ಒಗಿಯೂದಿಲ್ಲರಿ, ಬಚ್ಚಲ ಒಲಿಗೆ ಹಾಕತೇವಿ" ಅನ್ನುವವರೂ ಇದ್ದಾರೆ. ಚಳಿಯಲ್ಲಿ ಹಂಡೆ ನೀರು ಬೇಗ ಕಾಯಲಿ ಅಂತ ಪ್ಲಾಸ್ಟಿಕ್ ಹಚ್ಚುತ್ತಾರೆ. ಅದರ ಹೊಗೆಯಲ್ಲಿ ವಿಷ ಇರುತ್ತದೆ. ಕೆಮ್ಮು, ದಮ್ಮು ಬರುತ್ತವೆ. ಕೆಲವು ವಿಷ ಮೈಯಲ್ಲೇ ಉಳಿದು ಮುಂದೆ ಕ್ಯಾನ್ಸರಿಗೂ ದಾರಿ ಮಾಡುತ್ತವೆ. ಒಲೆ ಮುಂದೆ ಕೂಡುವವರು ಯಾರು? ನಾವೇ. ಬಗಲಲ್ಲಿ ಕೂಸು ಬೇರೆ. ಒಲೆ ಹಚ್ಚಲು ಒಣಗಿದ ಕಬ್ಬಿನ ರವದಿ ಐತಿ, ತೊಗರಿ ಕಟ್ಟಿಗಿ ಐತಿ. ಅವು ಸಾಕು.

ಇನ್ನು ಸಂಕ್ರಾಂತಿಯ ನದಿ ಸ್ನಾನ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಈ ಹೊತ್ತಿಗೆ ಸಣ್ಣಾಗಿರುತ್ತಾಳೆ. ಬ್ಯಾರೇಜುಗಳಲ್ಲಿ ನೀರು ನಿಲ್ಲಿಸಿರುತ್ತಾರೆ. ನಿಂತ ನೀರಿಗೆ ಬಿದ್ದ ಸಾಬೂನು, ಶಾಂಪು ಬೇಗ ತೊಳೆದು ಹೋಗುವುದಿಲ್ಲ. ಯಡೂರಿನಲ್ಲಿ ನಾವು ಬಿಟ್ಟಿದ್ದು ಕೆಳಗೆ ಕುಡಚಿ ಕಡೆಗೆ ಸಾಗುತ್ತದೆ. ಅದೇ ನದಿಯ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ನಮಗೂ ಮೇಲಿನ ಊರುಗಳಿವೆ ಅನ್ನೋದು ನೆನಪಿರಲಿ. ಭೋಗಿ ದಿನ ಮನೆಯಲ್ಲಿ ತಲಿ ಎರಕೊಂಡಿರುತ್ತೇವೆ. ಹೊಳೆಯಲ್ಲಿ ಎಳ್ಳು ಅರೆದು ಮೈಗೆ ಹಚ್ಚಿ ಮುಳುಗಿದರೆ ಆಯಿತು. ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಹಳೇ ಸೀರಿ, ಒಡೆದ ದೇವರ ಫೋಟೋ ನೀರಿಗೆ ಬಿಡುವುದು ಮಾತ್ರ ಬ್ಯಾಡ.

ಸರಕಾರವೂ ಕಾಯಿದೆ ಮಾಡಿದೆ. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಬಂದ್ ಮಾಡಿದರು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂತು. ಆದರೂ ಸಂತೆಯಲ್ಲಿ ಸಿಗುತ್ತವೆ. ನಾವು ಕೊಳ್ಳುತ್ತೇವೆ, ಅವರು ಮಾರುತ್ತಾರೆ. ಸಂಘದವರು ಕೂಡಿ ಒಂದು ಸಲ ಐವತ್ತು ಸ್ಟೀಲಿನ ತಾಟು ಕೊಂಡರೆ ಓಣಿಯ ಎಲ್ಲರ ಹಬ್ಬಕ್ಕೂ, ಮದುವೆಗೂ ಆಗುತ್ತವೆ. ತೊಳೆಯುವ ಕೆಲಸ ಹೆಚ್ಚುತ್ತದೆ, ಖರೆ. ತಾಟು ತೊಳೆಯಲಿಕ್ಕೆ ಗಂಡಸರಿಗೂ ಕೈ ಇವೆ.

ಅರಿಷಿಣ ಕುಂಕುಮಕ್ಕೆ ಬಂದವರಿಗೆ ಕೊಡುವ ವಾಣವನ್ನೂ ನೋಡೋಣ. ಈಚೆಗೆ ಎಲ್ಲರೂ ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ ಕೊಡುತ್ತಾರೆ. ಹತ್ತು ಮನೆಗೆ ಹೋದರೆ ಹತ್ತು ಡಬ್ಬಿ. ತಿಂಗಳೊಳಗೆ ಮುಚ್ಚಳ ಒಡೆಯುತ್ತದೆ. ಅದರ ಬದಲು ಹಳೇ ಸೀರೆಯಲ್ಲಿ ಹೊಲಿದ ಸಂತಿ ಚೀಲ ಕೊಡಿರಿ. ಮಣ್ಣಿನ ಹಣತೆ ಕೊಡಿರಿ, ಒಂದು ಹಿಡಿ ಬೆಲ್ಲ ಕೊಡಿರಿ. ಕುಸುರೆಳ್ಳನ್ನು ಕಾಗದದ ಪೊಟ್ಟಣದಲ್ಲಿ ಕೊಡಿರಿ. ವಾರಗಟ್ಟಲೆ ಸಣ್ಣ ಉರಿಯಲ್ಲಿ ಹನಿ ಹನಿ ಪಾಕ ಬಿಟ್ಟು ಮುಳ್ಳು ಎಬ್ಬಿಸಿದ ಕುಸುರೆಳ್ಳಿಗೆ ಪ್ಲಾಸ್ಟಿಕ್ ಚೀಲ ಒಪ್ಪುವುದೂ ಇಲ್ಲ. ಹೀರಿ, ಸೋರಿ ಬೀಜ ಕೊಟ್ಟರೆ ಇನ್ನೂ ಚಲೋ. ಬಚ್ಚಲ ನೀರು ಹರಿಯುವ ಕಡೆ ಊರಿದರೆ ಯುಗಾದಿ ಹೊತ್ತಿಗೆ ಬಳ್ಳಿ ಚಪ್ಪರಕ್ಕೆ ಏರಿರುತ್ತದೆ.