ಮಂಡಿಗೆ ಸೂಜಿ ಚುಚ್ಚಿದರೆ ನೋವು ಹೋದೀತೇ?

ಅಂತರಸಂತೆ: ಮಾನಂದವಾಡಿ ರಸ್ತೆಯ ಬಸ್ಸು ಬಂದು ನಿಂತರೆ ಸಾಕು, ಯಾರ ಮಂಡಿ ಸವೆದಿದೆ ಎಂಬುದು ಮೊದಲ ಮೆಟ್ಟಿಲಲ್ಲೇ ಗೊತ್ತಾಗಿಬಿಡುತ್ತದೆ. ಕಂಬಿ ಹಿಡಿದು, "ಅಯ್ಯಪ್ಪಾ" ಅಂತ ಒಂದು ಕಾಲಿಟ್ಟು ಇನ್ನೊಂದನ್ನು ಎಳೆದುಕೊಳ್ಳುವವರು ಒಬ್ಬಿಬ್ಬರಲ್ಲ. ಹತ್ತಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು, ಬೆಳಗಿನಿಂದ ರಾತ್ರಿವರೆಗೆ ಗಲ್ಲಾದ ಹಿಂದೆ ನಿಂತವರು, ಎಲ್ಲರಿಗೂ ಪಕ್ಕದವರ ಉಪದೇಶ ಒಂದೇ: "ಮೈಸೂರಿಗೆ ಹೋಗಿ ಸೂಜಿ ಚುಚ್ಚಿಸ್ಕೊಳ್ಳಿ, ಮಂಡಿ ಹೊಸದಾಗುತ್ತೆ."

ಹೊಸದಾಗುವುದಿಲ್ಲ, ಸ್ವಾಮಿ! ಮೂಳೆಯ ತುದಿಗೆ ಹಾಸಿದಂತಿರುವ ನುಣುಪಾದ ಮೃದ್ವಸ್ಥಿ ವಯಸ್ಸು, ತೂಕ, ದುಡಿಮೆ, ಹಳೆಯ ಪೆಟ್ಟುಗಳಿಂದ ಸವೆಯುತ್ತದೆ. ಸವೆದದ್ದನ್ನು ಯಾವ ಸೂಜಿಯೂ ಬೆಳೆಸದು. ಆದರೆ ನೋವು? ಅದರ ಕಥೆಯೇ ಬೇರೆ.

ಚೀನಾದಿಂದ ಬಂದ ವಿದ್ಯೆ

ಅಕ್ಯುಪಂಕ್ಚರ್ ಸೂಜಿ ಕೂದಲೆಳೆಯಂತೆ ಸಣ್ಣದು. ಅದರೊಳಗೆ ಔಷಧಿ ಇರುವುದಿಲ್ಲ. 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದ ಡಾ. ಬಿ. ಕೆ. ಬಸು, ಎರಡು ದಶಕದ ಮೇಲೆ ಮತ್ತೆ ಅಲ್ಲಿಗೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಇದನ್ನು ಶುರುಮಾಡಿದರು. ಕೇಂದ್ರ ಸರ್ಕಾರ ಪ್ರತ್ಯೇಕ ಪದ್ಧತಿಯೆಂದು ಒಪ್ಪಿದ್ದು 2019ರಲ್ಲಿ. ಪ್ರಕೃತಿ ಚಿಕಿತ್ಸೆಯ ಪದವಿ ಓದುವವರಿಗೂ ಇದು ಪಾಠವೇ. ಅಂಥ ಸರ್ಕಾರಿ ಕಾಲೇಜು ಮೈಸೂರಿನಲ್ಲಿದೆ.

ಲೆಕ್ಕ ಏನು ಹೇಳುತ್ತದೆ?

ಜರ್ಮನಿಯಲ್ಲಿ ಸಾವಿರಕ್ಕೂ ಮೇಲ್ಪಟ್ಟು ಮಂಡಿ ನೋವಿನವರನ್ನು ಪರೀಕ್ಷೆಗೊಳಪಡಿಸಿ 2006ರಲ್ಲಿ ಲೆಕ್ಕ ಕೊಟ್ಟರು. ಸರಿಯಾದ ಜಾಗಕ್ಕೆ ಸೂಜಿ ಹಾಕಿಸಿಕೊಂಡ ನೂರರಲ್ಲಿ 53 ಮಂದಿಗೆ ಗುಣ ಕಂಡಿತು. ಬೇಕೆಂದೇ ತಪ್ಪು ಜಾಗಕ್ಕೆ ಹಾಕಿಸಿಕೊಂಡವರಲ್ಲಿ 51! ಸೂಜಿಯೇ ಇಲ್ಲದೆ ಡಾಕ್ಟರ ಭೇಟಿ, ಮಾತ್ರೆ, ವ್ಯಾಯಾಮದಲ್ಲಿದ್ದವರಲ್ಲಿ 29. ಅಂದರೆ ಸೂಜಿಯಿಂದ ಹಲವರಿಗೆ ಹಾಯೆನಿಸಿದ್ದು ನಿಜ. ಎಲ್ಲಿಗೆ ಚುಚ್ಚಿದರು ಎಂಬುದೇ ದೊಡ್ಡ ಗುಟ್ಟು ಅನ್ನುವುದು ಮಾತ್ರ ನಿಲ್ಲಲಿಲ್ಲ. ದೊಡ್ಡವರಲ್ಲೂ ಒಮ್ಮತವಿಲ್ಲ. ಅಮೆರಿಕದ ಕೀಲು ತಜ್ಞರ ಸಂಘ 2019ರಲ್ಲಿ "ಬೇಕಾದರೆ ನೋಡಬಹುದು" ಎಂಬರ್ಥದ ಸಲಹೆ ಕೊಟ್ಟಿತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2022ರಲ್ಲಿ ಬೇಡವೆಂದಿತು.

ಕೂಲಿ ಕೊಡುವವರಾರು?

ಇದು ಒಂದೇ ದಿನಕ್ಕೆ ಮುಗಿಯುವ ಚಿಕಿತ್ಸೆಯಲ್ಲ. ವಾರ ವಾರ ಹೋಗಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು, ಸರಿ. ಹೋದ ದಿನದ ಕೂಲಿ? ಬಾಗಿಲು ಹಾಕಿದ ಅಂಗಡಿಯ ವ್ಯಾಪಾರ?

ಹಾಗಾಗಿ ಮೊದಲು ಕೋಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಡಿ ತೋರಿಸುವುದು ಲೇಸು. ಕೆಂಪಗೆ ಊದಿ ಜ್ವರ ಬಂದಿದ್ದರೆ ಅದು ಸವೆತವಲ್ಲ, ಸೂಜಿಯ ಕೆಲಸವೂ ಅಲ್ಲ. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳಿ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾದೀತು, ಮೂತ್ರಪಿಂಡ ಕೆಟ್ಟೀತು. ಸೂಜಿಗೇ ಹೋಗುವುದಾದರೆ, ಸೀಲಾದ ಪ್ಯಾಕೆಟ್ಟು ಕಣ್ಣೆದುರಿಗೇ ಒಡೆಯಲಿ; ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಬೇಡ, ಕಾಮಾಲೆಯ ಸೋಂಕು ಹರಡೀತು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮುಂಚೆಯೇ ಹೇಳಬೇಕು. ಎಷ್ಟು ಸಲ, ಎಷ್ಟು ದುಡ್ಡು ಅಂತ ಮೊದಲೇ ಕೇಳಿಕೊಳ್ಳಲಿ. ಅಷ್ಟು ಸಲವಾದರೂ ಗುಣ ಕಾಣದಿದ್ದರೆ ಅಲ್ಲಿಗೇ ಬಿಡಲಿ.

ಎಲ್ಲ ಕಡೆಯ ವೈದ್ಯರೂ ಒಪ್ಪುವ ಮದ್ದು ಮಾತ್ರ ಮನೆಯಲ್ಲೇ ಇದೆ: ತೂಕ ಇಳಿಸುವುದು, ತೊಡೆ ಗಟ್ಟಿ ಮಾಡುವುದು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಎಣಿಸಿ ಇಳಿಸಿದರಾಯಿತು. ದಿನಾ ಹತ್ತತ್ತು ಸಲ, ಎರಡೂ ಕಾಲಿಗೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಮಾಡಬಹುದು. ಖರ್ಚು ಒಂದು ಕಾಸೂ ಇಲ್ಲ.